ಸಡಿಲ ಅಳತೆ

ಮಾರ್ಚ್ ೧೨, ಬುಧವಾರ

ಮತ್ತೆ ಈ ಕಾಲಿನದೇ ಚಿಂತೆ. ಹೊಸ ಮಂಡಿ ಹಾಕಿಸಿದ ಮೇಲೆ ತೊಡೆ ಸೊರಗಿತ್ತು. ಕಾಲೆತ್ತಿ ಹಿಡಿಯುವ ವ್ಯಾಯಾಮ ಮಾಡಿ ಮೊನ್ನೆ ನಾನೇ ಟೇಪು ಸುತ್ತಿ ಅಳೆದಿದ್ದೆ. ಆಸ್ಪತ್ರೆಯ ಅಳತೆಗಿಂತ ಹೆಚ್ಚು ಬಂದಾಗ ಹಿಗ್ಗಿದ್ದೆ.

ಇವತ್ತು ವ್ಯಾಯಾಮ ಹೇಳಿಕೊಡುವ ಹುಡುಗಿ ಅಳೆದಳು. ತೊಡೆ ಒಂದಿಷ್ಟೂ ತುಂಬಿಕೊಂಡಿಲ್ಲ.

"ಆಂಟಿ, ಟೇಪಿನೊಳಗೆ ಬೆರಳಿಟ್ಕೊಂಡು ಅಳೆದ್ರಾ?"

"ಬಟ್ಟೆ ಬಿಗಿ ಆಗ್ಬಾರ್ದಲ್ಲ," ಎಂದುಬಿಟ್ಟೆ. ಜೀವಮಾನವಿಡೀ ರವಿಕೆ ಹೊಲಿದ ಕೈ, ಬೆರಳಿಟ್ಟು ಸಡಿಲ ಬಿಟ್ಟೇ ಅಳೆಯುತ್ತದೆ.

ಪಕ್ಕದಲ್ಲಿದ್ದ ಸೊಸೆ ಬಿದ್ದುಬಿದ್ದು ನಕ್ಕಳು. ನಾನು ಮಾತ್ರ ನಗಲಿಲ್ಲ. ಆ ಅಳತೆಯನ್ನು ನಂಬಿ ನಿನ್ನೆ ಕೋಲು ಬಿಟ್ಟು ಮೆಟ್ಟಿಲಿಳಿದಿದ್ದೆ. ಕೆಳಗಿನ ಮೆಟ್ಟಿಲಲ್ಲಿ ಮಂಡಿ ಒಮ್ಮೆ ಕುಸಿದು, ಹೇಗೋ ನಿಂತಿತು. ಸೊಸೆಯ ಮಗು ನನ್ನ ಕಂಕುಳಲ್ಲಿತ್ತು.

ಅವಳಿಗೆ ಇದು ಗೊತ್ತಿಲ್ಲ. ಈಗ ಮಲಗಿದಲ್ಲೇ ಕಾಲೆತ್ತಿದ್ದೇನೆ, ನಡುಗುತ್ತಿದೆ. ಬೆಳಗಾದರೆ ಮಗು ಎತ್ತಿಕೋ ಎಂದು ಕೈ ಚಾಚುತ್ತದೆ, ಆಗ ನಾನು ಎತ್ತಿಕೊಳ್ಳದಿದ್ದರೆ ಯಾಕೆಂದು ಸೊಸೆಗೆ ಹೇಳಲೇಬೇಕು.