ಚೌಕಟ್ಟಿನ ಜೊತೆ ಮಾಯವಾದ ಸಾಲು

ದಾಖಲೆಗಳ ಮುಕ್ತ ಮಾದರಿ ರೂಪಿಸುವ ಸಮಿತಿಯ ಅಧ್ಯಕ್ಷರೇ,

ನನ್ನ ತಂಗಿ ಆಂಕೆಯ ದವಡೆ ಮೂರು ಕಡೆ ಮುರಿದಿದೆ. ಸುತ್ತಿಗೆ ಬೀಸಿದವನು ಅವಳು ಬಿಟ್ಟುಬಂದ ಗಂಡ ಡೆಟ್ಲೆಫ್. ಅವನಿಗೆ ದಾರಿ ಬಿಟ್ಟುಕೊಟ್ಟವರು ನೀವು. ಮಾತು ಒರಟಾಯಿತೆನ್ನಿಸಿದರೆ ನನಗೆ ಸಂತೋಷವೇ.

ಯಾರ ತಂತ್ರಾಂಶದಲ್ಲಿ ಬರೆದ ಕಡತವಾದರೂ ಎಲ್ಲರ ಕಂಪ್ಯೂಟರಿನಲ್ಲೂ ಒಂದೇ ರೀತಿ ತೆರೆಯಬೇಕು. ನಮ್ಮ ಸಮಿತಿ ಹುಟ್ಟಿದ್ದೇ ಇದಕ್ಕೆ. ಆರು ವರ್ಷ ಬರ್ಲಿನ್‌ನಲ್ಲಿ ಕೂತು ಅಡಿಟಿಪ್ಪಣಿಯ ಅಂತರಕ್ಕಾಗಿ ಕಾದಾಡಿದ್ದೇವೆ. ಮಾರ್ಚ್‌ನಲ್ಲಿ ನಾನೊಂದು ನಿಯಮ ಮುಂದಿಟ್ಟೆ: ಪುಟದಲ್ಲಿ ಕೆಲವು ಸಾಲುಗಳನ್ನು ಸುತ್ತುವರಿದ ಚೌಕಟ್ಟು ಅರ್ಥವಾಗದಿದ್ದರೆ ತಂತ್ರಾಂಶ ಅದನ್ನು ಎಸೆಯಕೂಡದು, ಒಳಗಿನ ಅಕ್ಷರಗಳನ್ನಾದರೂ ತೋರಿಸಬೇಕು. ಪೊಲೀಸ್ ಠಾಣೆಗಳ ತಂತ್ರಾಂಶ ನಮ್ಮ ಕರಡಿನ ಪ್ರಕಾರವೇ ಸಿದ್ಧವಾಗುತ್ತಿದೆಯೆಂದು ನಿಮಗೆ ಗೊತ್ತಿತ್ತು. ಆದರೂ ಕೇಕ್ ಕತ್ತರಿಸುತ್ತಾ, "ಒಂದ್ ಡಬ್ಬಿ ಬಿದ್ದೋದ್ರೆ ಯಾರ ಪ್ರಾಣ ಹೋಗುತ್ತೆ, ಕ್ಲೆಮ್ ಅವರೇ? ಅಕ್ಟೋಬರಲ್ಲಿ ನೋಡೋಣ ಬಿಡಿ" ಎಂದಿರಿ. ಸಭೆ ನಕ್ಕಿತು. ಮುಂದೂಡಲು ಒಪ್ಪಿಗೆಯೆಂದು ಎಂದಿನಂತೆ ಬೆರಳ ಗೆಣ್ಣುಗಳಿಂದ ಮೇಜು ಕುಟ್ಟಿತು.

ಸೆಪ್ಟೆಂಬರ್‌ನಲ್ಲಿ ಡೆಟ್ಲೆಫ್ ಆಂಕೆಯ ಬಾಗಿಲು ಕುಟ್ಟಿದ. ಅವಳು ಪೊಲೀಸರನ್ನು ಕರೆದಳು. ಅವಳ ಕೈಯಲ್ಲಿದ್ದ ನ್ಯಾಯಾಲಯದ ಆದೇಶವನ್ನು ಅವನು ಕಿತ್ತು ಹರಿದಿದ್ದ. ಪೇದೆ ಠಾಣೆಗೆ ಫೋನ್ ಮಾಡಿ ಅಲ್ಲಿನ ಕಡತ ಓದಿಸಿದ. ಮೊಹರಿತ್ತು, ಸಹಿಯಿತ್ತು. ಡೆಟ್ಲೆಫ್ ಅವಳಿಗೆ ನೂರು ಮೀಟರ್‌ಗಿಂತ ಹತ್ತಿರ ಬರಕೂಡದೆಂಬ ಸಾಲು ಚೌಕಟ್ಟಿನೊಳಗಿತ್ತು, ಚೌಕಟ್ಟೇ ಮಾಯ.

"ಹತ್ರ ಬರ್ಬಾರ್ದು ಅಂತ ಇದ್ರಲ್ಲಿ ಎಲ್ಲೂ ಇಲ್ವಲ್ಲಮ್ಮಾ," ಎಂದ ಪೇದೆ.

"ಕೇಳಿಸ್ತೇನೇ? ಸರ್ಕಾರನೇ ನನ್ ಕಡೆ," ಎಂದ ಡೆಟ್ಲೆಫ್.

ಪೊಲೀಸರ ಕಾರು ತಿರುವು ದಾಟುವಷ್ಟರಲ್ಲಿ ಮೊದಲ ಏಟು ಬಿದ್ದಿತ್ತು. ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತೇನೆ: ಪ್ರಾಣ ಹೋಗಿಲ್ಲ. ಹನ್ನೊಂದು ಹಲ್ಲು ಹೋಗಿವೆ, ಎಡಗಣ್ಣು ಹೋಗಿದೆ. ಈ ಲೆಕ್ಕಕ್ಕೆ ನಿಮ್ಮ ನಡಾವಳಿಯಲ್ಲಿ ಅಡಿಟಿಪ್ಪಣಿ ಎಷ್ಟು ಅಂತರದಲ್ಲಿ ಹಾಕುತ್ತೀರಿ? ನಿಮ್ಮ ಕುತ್ತಿಗೆ ಹಿಡಿದು ಆ ಆಸ್ಪತ್ರೆಯ ಮಂಚಕ್ಕೆ ಮುಖ ಒತ್ತಿ ತೋರಿಸಬೇಕೆನ್ನಿಸುತ್ತದೆ.

ಅಕ್ಟೋಬರ್ ಸಭೆಗೆ ಆಂಕೆಯನ್ನು ಕರೆತರುತ್ತೇನೆ. ಅವಳೆದುರು ನನ್ನ ನಿಯಮ ಓದಿ, ಅಂದೇ ಅಂಗೀಕರಿಸಿ, ಠಾಣೆಗಳಿಗೆ ಕಳಿಸಿ. ಒಪ್ಪಿಗೆಗೆ ಕೈ ಎತ್ತಿದರೆ ಸಾಕು. ಕುಟ್ಟುವ ಸದ್ದು ಕೇಳಿದರೆ ಅವಳು ಮೇಜಿನಡಿ ಅವಿತುಕೊಳ್ಳುತ್ತಾಳೆ. ಮತ್ತೆ ಮುಂದೂಡಲು ಯಾರಾದರೂ ಮೇಜು ಕುಟ್ಟಿದರೆ ಆ ಗೆಣ್ಣುಗಳನ್ನು ನಾನೇ ಜಜ್ಜುತ್ತೇನೆ.

ನನ್ನ ಬಲಗೈಯಿಂದ ಶುರುಮಾಡಬೇಕಾದೀತು. ಮಾರ್ಚ್‌ನಲ್ಲಿ ಕಾಸೆಲ್ ಊರಿಗೆ ಹೋಗುವ ರೈಲಿಗೆ ಹೊತ್ತಾಗಿತ್ತೆಂದು ನಾನೂ ಮೇಜು ಕುಟ್ಟಿದ್ದೆ.

ಇಂತಿ,
ನಿಮ್ಮೊಡನೆ ಮೇಜು ಕುಟ್ಟಿದ,
ಆಂಕೆಯ ಅಕ್ಕ ರೋಸ್ವಿತಾ ಕ್ಲೆಮ್