ನಮ್ಮ ಮನೆತನಕ್ಕೆ ಬಿದ್ದ ಮೊದಲನೆಯ ಮಟ್ಟ

ಗುಳೇದಗುಡ್ಡ,
೨೧೫೯, ಆಗಸ್ಟ್ ೩೪

ಕಸ್ತೂರೆವ್ವಜ್ಜಿಗೆ ನಿನ್ನ ಮರಿಮೊಮ್ಮಗಳ ಮಗಳು ದಾನವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೈದು ದಿನ. ಐದು ಸಾಲು ಪೂರಾ ತುಂಬಿದರೆ ಕ್ಯಾಲೆಂಡರಿನ ಪುಟ ಚೆಂದ ಕಾಣುತ್ತದೆಂದು ಪುಟಗಾರ ಹಾಗೆ ಮಾಡಿತು. ಪುಟಗಾರ ಮನುಷ್ಯನಲ್ಲ, ನೀನು ನಾಳೆ ಬೆಳಿಗ್ಗೆ ಆರಿಸಲಿರುವ, ಜಾಲತಾಣ ಕಟ್ಟಿಕೊಡುವ ಸಾಫ್ಟ್‌ವೇರಿಗೆ ನಾವಿಟ್ಟ ಹೆಸರು. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ನಾನು ಅರವತ್ತು ದಾಟಿದವಳು, ನೀನಿನ್ನೂ ಇಪ್ಪತ್ತೊಂಬತ್ತರ ಹುಡುಗಿ. ಆದರೂ ನೀನೇ ಅಜ್ಜಿ, ನಿನ್ನನ್ನು ಬೈಯುವ ಹಕ್ಕು ನನಗಿಲ್ಲ. ಬೈಯುತ್ತೇನೆ.

ಸಾವಿರಾರು ಜನರಲ್ಲಿ ಒಬ್ಬರಿಗಿರುವ ಬಾಂಬೆ ಗುಂಪಿನ ರಕ್ತದವರ ಹೆಸರು, ವಿಳಾಸ ಒಂದೆಡೆ ಸಿಗಲಿ ಎಂದು ನೀವು ಏಳು ಜನ ಹೆಂಗಸರು ಜಾಲತಾಣ ಮಾಡಹೊರಟಿದ್ದೀರಿ. ಪುಣ್ಯದ ಕೆಲಸ, ಬೇಡ ಅನ್ನುವುದಿಲ್ಲ. ನಾಳೆ ಪುಟಗಾರ ನಿನ್ನ ಪರಿಣತಿ ಎಷ್ಟೆಂದು ಕೇಳುತ್ತದೆ. ಏನೂ ಗೊತ್ತಿಲ್ಲ, ಸ್ವಲ್ಪ ಗೊತ್ತು, ಚೆನ್ನಾಗಿ ಗೊತ್ತು ಎಂದು ಮೂರು ಗುಂಡಿ. ನೀನು ಸುತ್ತಲಿದ್ದವರ ಮುಖ ನೋಡಿ ನಕ್ಕು, ‘ಅಯ್ಯ, ನಮಗೇನ್ ತಿಳೀತೈತ್ರೀ ಇದೆಲ್ಲಾ’ ಅಂತ ಮೊದಲನೆಯದನ್ನು ಒತ್ತುತ್ತೀ. ಸುಳ್ಳಿ! ಗೆರೆಕಾಗದದ ಮೇಲೆ ಚೌಕ ಎಣಿಸಿ ಖಣದ ನಕ್ಷೆ ಬರೆಯುವವಳು ನೀನು. ಪುಟವಾದರೂ ಇನ್ನೇನು, ಎಲ್ಲಿ ಯಾವ ಚೌಕ ಕೂರಬೇಕು ಅನ್ನುವುದೇ ತಾನೇ? ಆದರೆ ‘ನನಗೆ ಬರುತ್ತದೆ’ ಅಂದರೆ ಜಂಬದವಳು ಅಂದಾರೆಂಬ ಅಂಜಿಕೆ. ನಿನ್ನ ಹಿಂದೆ ಊರಿಗೆ ಊರೇ ಅದೇ ಗುಂಡಿ ಒತ್ತಿತು.

ನಾವು ಮರ್ಯಾದೆಗೆ ಆಡುವ ಮಾತು ಅದಕ್ಕೆ ಹೇಗೆ ತಿಳಿಯಬೇಕು? ನಿಜವೆಂದೇ ಬರೆದುಕೊಂಡಿತು. ನೀನು ಹೇಳಿದ ಮಟ್ಟ ನಿನ್ನ ಮಗಳಿಗೆ ಬಂತು, ಅವಳ ಮಗಳಿಗೆ ಬಂತು, ನನಗೂ ಬಂತು. ಮೊದಲನೆಯ ಮಟ್ಟದವರು ಪುಟ ನೋಡಬಹುದು. ತಿದ್ದುವಂತಿಲ್ಲ, ಪ್ರತಿ ತೆಗೆದು ಮನೆಯಲ್ಲಿಡುವಂತಿಲ್ಲ. ಈಗ ಅಂಗಡಿ ಬೋರ್ಡು, ಶಾಲೆಯ ಹಾಜರಿ, ಬಸ್ಸಿನ ವೇಳಾಪಟ್ಟಿ ಎಲ್ಲವೂ ಅದರ ಪುಟಗಳೇ. ಬಾಗಲಕೋಟೆಗೆ ಎರಡೇ ಬಸ್ಸಿದ್ದರೂ ಪಟ್ಟಿಯಲ್ಲಿ ಆರು ಕಾಣುತ್ತವೆ, ಖಾಲಿ ಸಾಲು ಅದಕ್ಕೆ ಆಗಿಬರುವುದಿಲ್ಲ. ಹೀಗೆ ಅಂದಕ್ಕೆ ತುಂಬಿಸಿದ್ದನ್ನು ನಾವು ಹೊಟ್ಟು ಅನ್ನುತ್ತೇವೆ. ಬಾರದ ಬಸ್ಸಿಗೆ ಛತ್ರಿ ಹಿಡಿದು ಕಾಯುವುದು ನಮಗೆಲ್ಲ ರೂಢಿಯಾಗಿದೆ.

ಎಂಟು ದಿನದ ಹಿಂದೆ ನನ್ನ ಮಗಳು ಪಾರವ್ವ ಹೆತ್ತಳು. ಹೆಣ್ಣು ಕೂಸು. ರಕ್ತ ನಿಲ್ಲಲಿಲ್ಲ. ಅವಳದು ಅದೇ ಬಾಂಬೆ ಗುಂಪು, ನನ್ನದು ಹೊಂದಲಿಲ್ಲ. ನಿನ್ನ ಪುಟ ತೆರೆದೆ. ಸಾಲಿಗೆ ನಾಲ್ಕರಂತೆ ಹನ್ನೆರಡು ಮುಖ, ಎಲ್ಲವೂ ನಗುನಗುತ್ತಾ ಇದ್ದವು. ನಾನೂ ಅಳಿಯನೂ ಒಂದೊಂದೇ ವಿಳಾಸ ಹುಡುಕಿಕೊಂಡು ಓಡಿದೆವು. ಮೊದಲನೆಯದರಲ್ಲಿ ಮನೆಯೇ ಇಲ್ಲ, ಬರೀ ಬಂಡೆ. ಎರಡನೆಯ ಮನೆಯವರು, ‘ಆ ಹೆಸರಿನಾಕಿ ನಮ್ಮಲ್ಲಿ ಹುಟ್ಟೇ ಇಲ್ಲವ್ವಾ’ ಅಂದರು. ಒಂಬತ್ತು ಹೊಟ್ಟು, ಇಬ್ಬರು ಎಂದೋ ಸತ್ತವರು. ಹನ್ನೆರಡನೆಯವನು ಬಾದಾಮಿಯಲ್ಲಿದ್ದ ನಿಜವಾದ ಮನುಷ್ಯ, ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದು ಬಂದ. ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗಳ ಮುಖ ಮುಚ್ಚಿದ್ದರು. ಅವನೊಬ್ಬನ ಹೆಸರು ಮೊದಲ ಸಾಲಿನಲ್ಲಿದ್ದಿದ್ದರೆ ನನ್ನ ಪಾರವ್ವ ಉಳಿಯುತ್ತಿದ್ದಳು. 

ಆದ್ದರಿಂದ ಕೇಳು. ನಾಳೆ ಬಾಯಲ್ಲಿ ಹೇಳಿದೊಡನೆ ಎಲ್ಲ ತಾನೇ ಮಾಡಿಕೊಡುವ ಸಾಫ್ಟ್‌ವೇರನ್ನು ಆರಿಸಬೇಡ. ನಿನ್ನ ಕೈಗೆ ಎಷ್ಟು ಬರುತ್ತದೋ ಅದಕ್ಕಿಂತ ತುಸು ಕಷ್ಟವಾದದ್ದನ್ನು ಆರಿಸು. ಎರಡು ತಿಂಗಳು ತಿಣುಕಾಡು. ಪುಟ ಸೊಟ್ಟಗಾಗಲಿ, ಅಕ್ಷರ ದೊಡ್ಡದು ಚಿಕ್ಕದು ಆಗಲಿ, ಏಳು ಜನರೂ ಬೈದಾಡಿಕೊಂಡು ಕಲಿಯಿರಿ. ಮೂರೇ ಹೆಸರಿದ್ದರೆ ಮೂರೇ ಇರಲಿ, ಉಳಿದ ಜಾಗ ಬೋಳಾಗಿಯೇ ಇರಲಿ. ಪಟ್ಟಿಯನ್ನು ಹೊರಗೆ ತೆಗೆದು ಕಾಗದಕ್ಕಿಳಿಸಿ ಟ್ರಂಕಿನಲ್ಲಿಡಲು ಬಿಡದ ಸಾಫ್ಟ್‌ವೇರಿನ ಸಹವಾಸವೇ ಬೇಡ.

ಇಂದು ಮುಂಜಾನೆ ಕೆರೂರಿನಿಂದ ಒಬ್ಬ ಬಂದಿದ್ದ. ಹೊಸ್ತಿಲಲ್ಲೇ ನಿಂತು ಏದುಸಿರು ಬಿಡುತ್ತಾ, ‘ಲೀಲಾವತಿ ಅನ್ನಾರ ಮನಿ ಇದೇನ್ರೀ? ರಕ್ತ ಕೊಡ್ತಾರಂತ ಪುಟದಾಗ ಐತಿ. ನನ್ನ ಹೇಂತಿಗೆ ಭಾಳ ಅವಸರ ಐತ್ರೀ’ ಅಂದ. ಆ ಹೆಸರಿನವರು ಇಲ್ಲಿಲ್ಲವೆಂದೆ. ಅವನು ಪುಟ ತೋರಿಸಿದ. ಪಟ್ಟಿಯ ಹೊಸ ಸಾಲಿನಲ್ಲಿ ನಗುತ್ತಿದ್ದುದು ನಮ್ಮ ಕೂಸು, ಸಾಲು ತುಂಬಲೆಂದು ಪುಟಗಾರವೇ ಅದಕ್ಕೆ ಲೀಲಾವತಿ ಎಂದು ಹೆಸರಿಟ್ಟುಬಿಟ್ಟಿತ್ತು. ವಯಸ್ಸು ಇಪ್ಪತ್ತೇಳು, ರಕ್ತ ಕೊಡಲು ಸಿದ್ಧ ಎಂದಿತ್ತು. ಬಾದಾಮಿಯವನ ವಿಳಾಸ ಬರೆದುಕೊಟ್ಟು ಅವನನ್ನು ಓಡಿಸಿದೆ. ಇನ್ನು ಎಷ್ಟು ಜನ ಬರುತ್ತಾರೋ, ಎಷ್ಟು ವರ್ಷ ಬರುತ್ತಾರೋ.

ಕೂಸಿಗಿನ್ನೂ ಎಂಟು ದಿನ, ತೊಟ್ಟಿಲಿಗೂ ಹಾಕಿಲ್ಲ. ನಾಳೆ ನಾಚಿಕೊಳ್ಳದೆ ‘ನನಗ ಸ್ವಲ್ಪ ಬರತೈತಿ’ ಅನ್ನು ಅಜ್ಜೀ. ಕೂಸಿಗೆ ನಾವೇ ಹೆಸರಿಡಬೇಕು.