ಅಯ್ಯನವರ ಮನೆಯ ಕೂಸಿನ ಊಟ

ಲಿಂಗಸೂಗೂರು
9 ಫೆಬ್ರವರಿ 1998

ಮರಿಸ್ವಾಮಿಯ ಅಪ್ಪನವರಿಗೆ ಶೇಖರಮ್ಮನ ನಮಸ್ಕಾರಗಳು.

ನಾವಿಬ್ಬರೂ ಸುಖವಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ. ಮರಿ ಹೊಟ್ಟೆ ತುಂಬ ಉಣ್ಣುತ್ತಿದ್ದಾನೆ ಎಂದು ಮಾತ್ರ ಬರೆಯಬಲ್ಲೆ. ಈ ಕಾಗದ ಬರೆಯುವಾಗ ಅಂಗಳದಲ್ಲಿ ನೀರಿನ ಬಕೀಟಿನ ಮುಂದೆ ಕೂತು ಎರಡೂ ಕೈಯಿಂದ ನೀರು ಬಡಿಯುತ್ತಾ ನಗುತ್ತಿದ್ದಾನೆ.

ಹೋದ ವಾರ ಆದಪ್ಪ ಕಾಕಾ ಬಂದಿದ್ದರು. ಅಂಗಳದಲ್ಲಿ ಚಾಪೆ ಹಾಸಿ ಚಹಾ ಕೊಟ್ಟೆ. ನಿಮ್ಮ ಮಾತನ್ನು ಅವರು ತಲೆ ತಗ್ಗಿಸಿಯೇ ಹೇಳಿದರು. ಮಗನಿಗೆ ಕೋಳಿಯ ತತ್ತಿ ತಿನ್ನಿಸುವುದನ್ನು ಬಿಟ್ಟು ಶಿವರಾತ್ರಿಯೊಳಗೆ ಮಸ್ಕಿಗೆ ಬಂದರೆ ಸರಿ, ಇಲ್ಲದಿದ್ದರೆ ಸಾಲಗುಂದದಲ್ಲಿ ನೋಡಿ ಬಂದ ಹೆಣ್ಣಿಗೆ ಹೂಂ ಅನ್ನುತ್ತೀರಂತೆ. ಇದರಲ್ಲಿ ನಿಮ್ಮದೇನೂ ಇಲ್ಲ, ಎಲ್ಲಾ ಅತ್ತೆಯವರ ಒತ್ತಾಯ ಎಂದೂ ಹೇಳಿದರು. ಉತ್ತರವನ್ನು ಅವರ ಕೈಯಲ್ಲಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ನಾನೇ ಬರೆಯುತ್ತೇನೆ ಅಂದೆ.

ನಿಮಗೆ ಗೊತ್ತಿದ್ದುದನ್ನೇ ಬರೆಯುತ್ತಿದ್ದೇನೆ. ಆದರೂ ಓದಿರಿ. ಕೈಕಾಲು ಸೆಟೆದು ಸೆಳವು ಬಂದಾಗ ಮರಿ ಹೇಗಿರುತ್ತಿದ್ದ ಎಂಬುದು ನಿಮಗೆ ಮರೆತಿರಬೇಕು, ಇಲ್ಲದಿದ್ದರೆ ಈ ಮಾತು ಆಡುತ್ತಿರಲಿಲ್ಲ. ಅಂಗಡಿಯ ಬಟ್ಟೆಯ ಥಾನುಗಳ ನಡುವೆ ಕೂಡಿಸಿದ್ದ ಕೂಸು ಕಣ್ಣು ಮೇಲೆ ಮಾಡಿ ಬಿದ್ದಾಗ, ಗಿರಾಕಿಗಳನ್ನು ಬಿಟ್ಟು ಅವನನ್ನು ಎದೆಗೆ ಒತ್ತಿಕೊಂಡು ದವಾಖಾನೆಗೆ ಓಡಿದವರು ನೀವೇ. ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಬಸ್ ಸ್ಟ್ಯಾಂಡಿನಿಂದ ಹೆಗಲ ಮೇಲೆ ಹೊತ್ತು ನಡೆದವರೂ ನೀವೇ. ಅಲ್ಲಿಯ ಡಾಕ್ಟರಮ್ಮ ಏಂಜಲ್‌ಮನ್ ಎಂದು ರೋಗದ ಹೆಸರು ಹೇಳಿ, ಅವನಿಗೆ ಮಾತು ಬರುವುದು ಕಷ್ಟ, ಅವನ ನಗು ಕೂಡ ಈ ಕಾಯಿಲೆಯದೇ ಒಂದು ಗುಣ ಎಂದಾಗ ನೀವು ಗೋಡೆಯ ಕಡೆ ಮುಖ ಮಾಡಿ ನಿಂತಿರಿ. ನಾನು ನೋಡಿದೆ, ನೋಡಿಲ್ಲ ಎಂಬಂತೆ ಇದ್ದೆ.

ಗುಳಿಗೆಗೆ ಸೆಳವು ಬಗ್ಗಲಿಲ್ಲ. ಅದಕ್ಕೆ ಆಕೆ ಊಟವನ್ನೇ ಬದಲಿಸಿ, ಬರೀ ಕೊಬ್ಬಿನ ಊಟಕ್ಕೆ ಸೆಳವು ಬಗ್ಗುತ್ತದೆ ಅಂದಳು. ಅನ್ನವಿಲ್ಲ, ರೊಟ್ಟಿಯಿಲ್ಲ, ಬೆಲ್ಲವಿಲ್ಲ, ಬಾಳೆಹಣ್ಣೂ ಇಲ್ಲ. ತುಪ್ಪ, ಬೆಣ್ಣೆ, ಕೆನೆ, ಕೊಬ್ಬರಿ, ಅದೂ ತೂಗಿ ತೂಗಿ. ಅಕ್ಕಸಾಲಿಗರಿಂದ ಚಿನ್ನ ತೂಗುವ ತಕ್ಕಡಿ ತಂದುಕೊಟ್ಟವರು ನೀವು. ಮೊದಲ ತಿಂಗಳು ಬೆಣ್ಣೆಯನ್ನು ನೀವೇ ತೂಗಿದಿರಿ.

ಆ ಊಟ ಅವನೊಬ್ಬನದಾಗಲಿಲ್ಲ, ಇಡೀ ಮನೆಯದಾಯಿತು. ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸಾಕು, ಎಲ್ಲಿದ್ದರೂ ತೆವಳಿಕೊಂಡು ಬರುತ್ತಿದ್ದ. ಯಾರ ತಟ್ಟೆಗಾದರೂ ಕೈ ಹಾಕುತ್ತಿದ್ದ. ಕಸಿದುಕೊಂಡರೆ ಅದಕ್ಕೂ ನಗುತ್ತಿದ್ದ. ಆ ನಗುವಿಗೆ ನನಗೆ ಒಮ್ಮೊಮ್ಮೆ ಸಿಟ್ಟು ಬಂದದ್ದೂ ಉಂಟು; ನಿಮಗಲ್ಲದೆ ಇದನ್ನು ಇನ್ಯಾರಿಗೆ ಹೇಳಲಿ. ಆಗ ನಾವು ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಬ್ಬೊಬ್ಬರಾಗಿ ಉಣ್ಣತೊಡಗಿದೆವು. ಆಚೆಯಿಂದ ಅವನು ಕದ ಬಡಿಯುತ್ತಿದ್ದ. ಅತ್ತೆಯವರು ಬುತ್ತಿ ಕಟ್ಟಿಕೊಂಡು ಮಠಕ್ಕೆ ಹೋಗಿ ಉಂಡು ಬರತೊಡಗಿದರು. ನೀವು ಅಂಗಡಿಯಲ್ಲೇ ಊಟ ಮುಗಿಸತೊಡಗಿದಿರಿ. ನಿಮ್ಮ ಮುಂದೆ ಕೂತು ಬಡಿಸಿ ಎಷ್ಟು ಕಾಲವಾಯಿತೋ ನನಗೇ ನೆನಪಿಲ್ಲ. ನಮ್ಮ ನಡುವಿನ ಮಾತು ನಿಂತದ್ದು ತತ್ತಿಯಿಂದ ಅಂತ ಊರವರು ಅನ್ನುತ್ತಾರೆ. ಅದಕ್ಕೂ ಮೊದಲೇ ನಿಂತಿತ್ತು.

ಸೆಳವು ಕಡಿಮೆಯಾಯಿತು. ಆದರೆ ಮರಿ ಸೊರಗಿದ. ಪನೀರು ಬಾಯಿಗಿಟ್ಟರೆ ಉಗುಳುತ್ತಿದ್ದ, ಶೇಂಗಾ ಗಂಟಲಿಗೆ ಸಿಕ್ಕಿ ಕೆಮ್ಮುತ್ತಿದ್ದ. ಎರಡನೆಯ ಸಲ ಹೋದಾಗ ಡಾಕ್ಟರಮ್ಮ ಅವನ ತೋಳು ಹಿಡಿದು ನೋಡಿ, ಹೀಗಾದರೆ ಈ ಊಟ ನಿಲ್ಲಿಸಬೇಕಾಗುತ್ತದೆ, ತತ್ತಿಯನ್ನು ಕೆನೆಯಲ್ಲಿ ಕಲಸಿ ಕೊಡಿ ಅಂದಳು. ವಾಪಸು ಬಂದು ಮಸ್ಕಿಯಲ್ಲಿ ಬಸ್ಸು ಇಳಿದ ಮೇಲೆ ನೀವು ಅಂದಿರಿ: "ನಮ್ಮದು ಅಯ್ಯನೋರ ಮನಿ. ಮಂದಿ ಪಾದಪೂಜಿಗೆ ಕರೀತಾರ. ಈ ಕೈಲೆ ಮಕ್ಕಳಿಗೆ ಲಿಂಗ ಕಟ್ಟತೀನಿ. ಮನ್ಯಾಗ ತತ್ತಿ ಹೆಂಗ ತರ್ಲಿ ಹೇಳು?"

ನಿಮ್ಮ ಕಷ್ಟ ಸುಳ್ಳೆಂದು ನಾನು ಯಾವತ್ತೂ ಅಂದಿಲ್ಲ. ನಾನೂ ಅಯ್ಯನವರ ಮನೆಯಲ್ಲೇ ಹುಟ್ಟಿದವಳು. ಮೊದಲ ಸಲ ಆ ವಾಸನೆಗೆ ವಾಂತಿ ಮಾಡಿಕೊಂಡಿದ್ದೇನೆ.

ಹಿಂದಿನ ಓಣಿಯ ಲಾಲ್‌ಸಾಬ್‌ ಅವರ ಮನೆಯವರು ದಿನಾ ತತ್ತಿ ಬೇಯಿಸಿ, ನಮ್ಮ ಕೆನೆಯಲ್ಲಿ ಕಲಸಿಟ್ಟಿರುತ್ತಿದ್ದರು. ಆಡುಮರಿ ತೋರಿಸಿ ಬರುತ್ತೇನೆಂದು ಮಗನನ್ನು ಎತ್ತಿಕೊಂಡು ಹೋಗುತ್ತಿದ್ದೆ. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಿರಿ, ಅದಕ್ಕೆ ನಿಮಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ. ಮರಿ ಮೈ ತುಂಬಿಕೊಂಡ. ಗೋಡೆ ಹಿಡಿದು ನಿಂತ.

ಆಮೇಲೆ ಯಾರೋ ನೋಡಿದರು, ಊರಿಗೆ ತಿಳಿಯಿತು. ದೀಕ್ಷೆಗೆ ನಿಮ್ಮನ್ನು ಕರೆದಿದ್ದ ಮನೆಯವರು ಬೇರೆ ಅಯ್ಯನವರನ್ನು ಕರೆಸಿಕೊಂಡರು. ಆ ದಿನ ನೀವು ಅಂಗಳದಲ್ಲಿ ನಾಲ್ಕು ಮಂದಿಯ ಮುಂದೆ ಹೇಳಿದಿರಿ: "ತತ್ತಿ ತಿನ್ನಿಸಿದ ಕೈ ಈ ಹೊಸ್ತಿಲ ದಾಟಬಾರದು." ನಾನು ಆಗ ಒಳಗಿದ್ದೆ. ಮಗನನ್ನು ಎತ್ತಿಕೊಂಡು ಹೊರಗೆ ದಾಟಿದೆ. ನೀವು ತಡೆಯುತ್ತೀರಿ ಅಂದುಕೊಂಡಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿದೆ.

ಇಲ್ಲಿ ಗುರುಗುಂಟಾದ ಯಮನೂರಮ್ಮ ಎಂಬಾಕೆ ತನ್ನ ಮನೆಯ ಹಿಂದಿನ ಖೋಲಿ ಕೊಟ್ಟಿದ್ದಾಳೆ. ಕುಪ್ಪಸ ಹೊಲಿಯುತ್ತೇನೆ. ಆಕೆ ಕೋಳಿ ಸಾಕಿದ್ದಾಳೆ. ಮೊದಲ ದಿನ ನಾನು ಸಂಕೋಚಪಟ್ಟಾಗ ಆಕೆ ಅಂದದ್ದು ಇಷ್ಟು: "ಕೂಸಿಗೆ ಔಷಧ ಅಂದ್ರ ಔಷಧ. ನಾಚಿಕಿ ಯಾಕ ಮಾಡ್ಕೊಂತಿಯವಾ?"

ಎಲ್ಲ ಚೆನ್ನಾಗಿದೆ ಎಂದು ತಿಳಿಯಬೇಡಿರಿ. ಸಂಕ್ರಾಂತಿಯ ಸುಮಾರಿಗೆ ಜ್ವರ ಬಂದು ಒಮ್ಮೆ ಸೆಳವು ಬಂತು. ನಿದ್ದೆ ಅವನಿಗೂ ಇಲ್ಲ, ನನಗೂ ಇಲ್ಲ. ಈ ಊಟ ಎಷ್ಟು ವರ್ಷ ನಡೆಸಬೇಕೋ, ನಿಲ್ಲಿಸಿದ ಮೇಲೆ ಏನಾಗುವುದೋ ಡಾಕ್ಟರಮ್ಮನಿಗೂ ಗೊತ್ತಿಲ್ಲ. ಅವನು ನನ್ನನ್ನು ಅವ್ವಾ ಎಂದು ಕರೆಯಲಾರ. ಆದರೆ ಮೊನ್ನೆ ಗೋಡೆ ಬಿಟ್ಟು ನಡೆದ. ಖೋಲಿಯ ಈ ತುದಿಯಿಂದ ಬಾಗಿಲಿನವರೆಗೆ, ಕೈಗಳನ್ನು ಮೇಲೆತ್ತಿಕೊಂಡು, ಜೋಲಿ ಹೊಡೆಯುತ್ತಾ ನಡೆದ. ಅದನ್ನು ನಿಮಗೆ ತೋರಿಸಬೇಕೆಂದು ಸುತ್ತ ನೋಡಿದೆ. ಆಗ ನಿಮ್ಮ ಮೇಲೆ ಬಹಳ ಸಿಟ್ಟು ಬಂತು.

ಆದ್ದರಿಂದ ನನ್ನ ಉತ್ತರ ಇದು. ತತ್ತಿ ಬಿಡುವುದಿಲ್ಲ. ಡಾಕ್ಟರಮ್ಮ ಬಿಡು ಅಂದ ದಿನ ಬಿಡುತ್ತೇನೆ. ಅದಕ್ಕೆ ಮೊದಲು ಮಸ್ಕಿಗೆ ಬರುವುದಿಲ್ಲ. ಸಾಲಗುಂದದ ಹೆಣ್ಣಿನ ವಿಷಯ ನಿಮಗೆ ಬಿಟ್ಟದ್ದು. ನನಗೆ ಏನೂ ಅನ್ನಿಸುವುದಿಲ್ಲ ಎಂದು ಬರೆದು ಎರಡು ಸಲ ಹೊಡೆದು ಹಾಕಿದ್ದೇನೆ, ಕಾಗದದ ಮೇಲೆ ಆ ಕಲೆ ನಿಮಗೆ ಕಾಣುತ್ತದೆ. ಆದರೆ ಆ ಹುಡುಗಿಗೆ, ಅವಳ ತಂದೆಗೆ, ಮರಿಯ ವಿಷಯವನ್ನು ಬಿಚ್ಚಿ ಹೇಳಿರಿ.

ನೀವು ಇಲ್ಲಿಗೆ ಬಂದರೆ ಬೇಡ ಅನ್ನುವುದಿಲ್ಲ. ರೊಟ್ಟಿ ಮಾಡಿ ಬಡಿಸುತ್ತೇನೆ. ಬಾಗಿಲು ಮಾತ್ರ ಹಾಕಬೇಕಾಗುತ್ತದೆ.

ಇಂತಿ,
ಮರಿಯ ತಾಯಿ
ಶೇಖರಮ್ಮ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಈಗ ಅತ್ತೆಯವರೇ ಬರೆ ಅನ್ನುತ್ತಿದ್ದಾರೆ. ಅವರು ಮಗಳು ಕಸ್ತೂರೆಮ್ಮನ ಮನೆಗೆಂದು ಮುದಗಲ್ಲಿಗೆ ಹೋಗಿದ್ದಾರೆಂದು ನೀವು ತಿಳಿದಿದ್ದೀರಿ. ಅವರು ಮುದಗಲ್ ಬಸ್ಸು ಹತ್ತಲೇ ಇಲ್ಲ. ತುಪ್ಪದ ಗಡಿಗೆ ಹಿಡಿದುಕೊಂಡು ನೆಟ್ಟಗೆ ಇಲ್ಲಿಗೇ ಬಂದರು, ಇಲ್ಲೇ ಇದ್ದಾರೆ. ತತ್ತಿ ಬೇಯುವಾಗ ಎದ್ದು ಹೊರಗೆ ಹೋಗಿ ಕೂಡುತ್ತಾರೆ, ಅದನ್ನು ಮುಟ್ಟುವುದಿಲ್ಲ. ಆರಿದ ಮೇಲೆ ಬಂದು, ಮರಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು, ನಾನು ತಿನ್ನಿಸಿ ಮುಗಿಸುವತನಕ ಅವನ ಕೈ ಹಿಡಿದುಕೊಳ್ಳುತ್ತಾರೆ. ಬಾಯಿ ಒರೆಸುವುದು ತಮ್ಮ ಸೆರಗಿನಿಂದಲೇ. ಸಾಲಗುಂದದ ಮಾತನ್ನು ಅವರು ಮೊದಲ ಸಲ ಕೇಳಿದ್ದು ಆದಪ್ಪ ಕಾಕಾನ ಬಾಯಿಂದ, ಈ ಖೋಲಿಯ ಒಳಗೆ, ಕದದ ಹಿಂದೆ ನಿಂತು. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತಿದ್ದೇನೆ: "ನನ್ನ ಹೆಸರು ಹೇಳಿ ಹೆಣ್ಣು ನೋಡಬ್ಯಾಡ ಅಂತ ಬರಿ. ಬರೂದಿದ್ರ ಮಗನ್ನ ನೋಡಾಕ ಬಾ ಅಂತ ಬರಿ."